ಇನ್‌ಫ್ರಾರೆಡ್ ಸೌನಾವನ್ನು ಎಷ್ಟು ಡಿಗ್ರಿಗೆ ಇಟ್ಟುಕೊಂಡು ಕೂರಬೇಕು?

ಪ್ರಶ್ನೆ: ಎರಡು ತಿಂಗಳ ಹಿಂದೆ ಮನೆಯಲ್ಲಿ ಒಬ್ಬರು ಕೂರುವಷ್ಟು ಅಳತೆಯ ಇನ್‌ಫ್ರಾರೆಡ್ ಸೌನಾ (ಬೆವರು ಹರಿಸಲು ಕೂರುವ ಬಿಸಿ ಕೋಣೆ) ಹಾಕಿಸಿಕೊಂಡೆ. ಅದರ ತಾಪಮಾನವನ್ನು 65 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸಬಹುದು. 50ಕ್ಕೆ ಇಟ್ಟರೆ ಮೊದಲ ಹತ್ತು ನಿಮಿಷ ಬೆವರೇ ಬರುವುದಿಲ್ಲ. 60ಕ್ಕೆ ಇಟ್ಟರೆ ಬೆವರು ಬೇಗ ಬರುತ್ತದೆ, ಆದರೆ ಎದ್ದು ಹೊರಗೆ ಬರುವಾಗ ಕಣ್ಣು ಕತ್ತಲೆ ಬಂದಂತಾಗುತ್ತದೆ. ಗೆಳೆಯರೊಬ್ಬರು ತಾವು ಜಿಮ್‌ನಲ್ಲಿ 85 ಡಿಗ್ರಿಯ ಸೌನಾದಲ್ಲಿ ಕೂರುವುದಾಗಿಯೂ 50 ಎಂದರೆ ಲೆಕ್ಕಕ್ಕೇ ಇಲ್ಲವೆಂದೂ ಹೇಳುತ್ತಾರೆ. ನನಗೆ 52 ವರ್ಷ, ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತೇನೆ. ಸರಿಯಾದ ತಾಪಮಾನ ಎಷ್ಟು?

ಉತ್ತರ: ಮೊದಲು ನಿಮಗೆ ಬೇಕಾದ ಸಂಖ್ಯೆಯನ್ನೇ ಹೇಳಿಬಿಡುತ್ತೇನೆ. ನೀವು ಮತ್ತೆ 45 ಡಿಗ್ರಿಯಿಂದ ಆರಂಭಿಸಿ, ಎರಡು ಮೂರು ವಾರಗಳಲ್ಲಿ ನಿಧಾನವಾಗಿ ಏರಿಸುತ್ತ, 50ರಿಂದ 54 ಡಿಗ್ರಿಯೊಳಗೆ ಎಲ್ಲೋ ಒಂದು ಕಡೆ ನೆಲೆ ನಿಲ್ಲುವಿರಿ ಎಂಬುದು ನನ್ನ ಅಂದಾಜು. 60 ಡಿಗ್ರಿ ಸದ್ಯಕ್ಕೆ ನಿಮಗೆ ಬೇಡ. ಎದ್ದಾಗ ಕಣ್ಣು ಕತ್ತಲೆ ಬರುವುದನ್ನು ಅಭ್ಯಾಸದಿಂದ ಮೀರಬಹುದಾದ ಸಣ್ಣ ತೊಂದರೆ ಎಂದು ತಳ್ಳಿಹಾಕಬಾರದು. ಅದು ನಿಮ್ಮ ದೇಹ ಆ ತಾಪಮಾನಕ್ಕೆ ಕೊಟ್ಟಿರುವ ಉತ್ತರ. ಆದರೆ ಈ ಸಂಖ್ಯೆ ಎಲ್ಲಿಂದ ಬಂತು ಎಂಬುದು ತಿಳಿಯದಿದ್ದರೆ ನಾಳೆ ಮತ್ತೊಬ್ಬರು ಮತ್ತೊಂದು ಸಂಖ್ಯೆ ಹೇಳಿದಾಗ ನೀವು ಮತ್ತೆ ಗೊಂದಲಕ್ಕೆ ಬೀಳುತ್ತೀರಿ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನಿಮ್ಮ ಗೆಳೆಯರ 85ನ್ನೂ ನಿಮ್ಮ 50ನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಸಾಂಪ್ರದಾಯಿಕ ಫಿನ್ನಿಷ್ ಸೌನಾದಲ್ಲಿ ಒಲೆ ಮೊದಲು ಕಲ್ಲುಗಳನ್ನೂ ಗಾಳಿಯನ್ನೂ ಕಾಯಿಸುತ್ತದೆ, ಕಾದ ಗಾಳಿ ಮೈಯನ್ನು ಕಾಯಿಸುತ್ತದೆ. ಒಣ ಗಾಳಿ ಶಾಖವನ್ನು ಮೈಗೆ ದಾಟಿಸುವುದರಲ್ಲಿ ಬಲು ನಿಧಾನ. ಹಾಗಾಗಿ ಅಲ್ಲಿ 80ರಿಂದ 100 ಡಿಗ್ರಿ ಬೇಕಾಗುತ್ತದೆ, ಮತ್ತು ಅದೇ ಕಾರಣಕ್ಕೆ ಅಷ್ಟು ಡಿಗ್ರಿಯನ್ನು ಹತ್ತು ಹದಿನೈದು ನಿಮಿಷ ತಡೆದುಕೊಳ್ಳುವುದೂ ಸಾಧ್ಯವಾಗುತ್ತದೆ. ಇನ್‌ಫ್ರಾರೆಡ್ ಸೌನಾದಲ್ಲಾದರೋ ಗೋಡೆಯ ಫಲಕಗಳಿಂದ ಹೊರಡುವ ಅವಕೆಂಪು (ಇನ್‌ಫ್ರಾರೆಡ್) ಕಿರಣಗಳು ಗಾಳಿಯನ್ನು ಹೆಚ್ಚು ಕಾಯಿಸದೆ ನೇರವಾಗಿ ಚರ್ಮಕ್ಕೆ ಬಂದು ಬೀಳುತ್ತವೆ. ಚಳಿಗಾಲದ ಬೆಳಿಗ್ಗೆ ಬಿಸಿಲಿಗೆ ಮೈಯೊಡ್ಡಿ ನಿಂತರೆ, ಸುತ್ತಲಿನ ಗಾಳಿ ಕೊರೆಯುತ್ತಿದ್ದರೂ ಬಿಸಿಲು ಬಿದ್ದ ಕೆನ್ನೆ ಬೆಚ್ಚಗಾಗುತ್ತದೆ. ಅಲ್ಲಿ ನಿಮ್ಮನ್ನು ಕಾಯಿಸುತ್ತಿರುವುದು ಗಾಳಿಯಲ್ಲ, ಗಾಳಿಯ ತಾಪಮಾನವನ್ನು ಅಳೆದು ಆ ಸುಖವನ್ನು ಲೆಕ್ಕ ಹಾಕಲೂ ಆಗುವುದಿಲ್ಲ. ನಿಮ್ಮ ಸೌನಾದ ಪರದೆಯ ಮೇಲೆ ಕಾಣುವ ಸಂಖ್ಯೆ ಗಾಳಿಯ ತಾಪಮಾನವೇ. ಮೈಗೆ ಸೇರುವ ಶಾಖದ ದೊಡ್ಡ ಪಾಲು ಆ ಸಂಖ್ಯೆಯೊಳಗೆ ಇಲ್ಲ.

ಕಿರಣಗಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತೆಗೆದುಬಿಡೋಣ. ಮನೆಗಳಲ್ಲಿ ಬಳಸುವ ಬಹುಪಾಲು ಸೌನಾಗಳು ದೂರ ಅವಕೆಂಪು, ಅಂದರೆ 3 ಮೈಕ್ರೊಮೀಟರ್‌ಗಿಂತ ಉದ್ದದ ತರಂಗಗಳನ್ನು ಸೂಸುತ್ತವೆ. ಈ ಕಿರಣಗಳು ಮಾಂಸಖಂಡದೊಳಗೆ ಅಂಗುಲಗಟ್ಟಲೆ ಇಳಿಯುತ್ತವೆಂಬ ಮಾತು ಮಾರಾಟದ ಕರಪತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ನಿಜವೇನೆಂದರೆ ಚರ್ಮದಲ್ಲಿರುವ ನೀರು ಇವನ್ನು ಬಹುಬೇಗ ಹೀರಿಕೊಳ್ಳುವುದರಿಂದ ಅವು ಚರ್ಮದ ಹೊರಪದರದಲ್ಲಿ, ಒಂದು ಮಿಲಿಮೀಟರ್‌ಗೂ ಕಡಿಮೆ ಆಳದಲ್ಲಿಯೇ ಮುಗಿದುಹೋಗುತ್ತವೆ. ಕೆಲವು ಮಿಲಿಮೀಟರ್ ಆಳಕ್ಕೆ ಇಳಿಯುವುದು ಸಮೀಪ ಅವಕೆಂಪು ಕಿರಣ ಮಾತ್ರ, ಅದನ್ನು ಸೂಸಲು ಕೆಂಪಗೆ ಹೊಳೆಯುವ ದೀಪಗಳು ಬೇಕು. ಚರ್ಮದಿಂದ ಒಳಗಿನ ಅಂಗಗಳಿಗೆ ಶಾಖವನ್ನು ಒಯ್ಯುವ ಕೆಲಸ ರಕ್ತದ್ದು. ಈ ಮಾತು ತಾಪಮಾನದ ಆಯ್ಕೆಗೆ ನೇರವಾಗಿ ಸಂಬಂಧಿಸಿದೆ: ರಕ್ತ ಹೊತ್ತು ತಂದ ಶಾಖ ಒಳಮೈಯನ್ನು ಬೆಚ್ಚಗಾಗಿಸಲು ಸಮಯ ಬೇಕು, ಡಿಗ್ರಿಯನ್ನು ಏರಿಸಿ ಆ ಸಮಯವನ್ನು ಬಹಳ ಕಡಿಮೆ ಮಾಡಲು ಹೊರಟರೆ ಒಳಮೈಗಿಂತ ಮೊದಲು ಚರ್ಮ ಉರಿಯತೊಡಗುತ್ತದೆ. ಚರ್ಮದ ತಾಪಮಾನ 43ರಿಂದ 45 ಡಿಗ್ರಿಯ ಆಸುಪಾಸಿಗೆ ಬಂದಾಗ ನಮಗೆ ನೋವಿನ ಅರಿವಾಗುತ್ತದೆ. ಬೆನ್ನು ಉರಿಯುತ್ತಿದೆ ಎನಿಸಿದರೆ ಫಲಕದಿಂದ ಸರಿದು ಕೂರಬೇಕು, ಸಹಿಸಿಕೊಂಡು ಕೂರಬಾರದು.

ಇನ್ನು ಪರದೆಯ ಆ ಸಂಖ್ಯೆಯ ಬಗ್ಗೆ. ಬಹುತೇಕ ಸೌನಾಗಳಲ್ಲಿ ಸೆನ್ಸರ್ ಚಾವಣಿಯ ಹತ್ತಿರ ಅಥವಾ ಹಿಂಬದಿಯ ಗೋಡೆಯ ಮೇಲ್ಭಾಗದಲ್ಲಿ ಇರುತ್ತದೆ. ಬಿಸಿ ಗಾಳಿ ಮೇಲಕ್ಕೇರುವುದರಿಂದ ತಲೆಯ ಬಳಿ 50 ಇದ್ದಾಗ ಕಾಲಿನ ಬಳಿ ಅದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಒಂದು ಸಾಮಾನ್ಯ ಥರ್ಮಾಮೀಟರನ್ನು ನೀವು ಕೂತಾಗ ಎದೆಯ ಮಟ್ಟಕ್ಕೆ ಬರುವಂತೆ, ಫಲಕದ ನೇರ ಕಿರಣ ತಾಗದ ಕಡೆ ತೂಗುಹಾಕಿ ನೋಡಿ; ಪರದೆಯ ಸಂಖ್ಯೆಗೂ ಇದಕ್ಕೂ ಇರುವ ಅಂತರ ತಿಳಿದುಕೊಂಡರೆ ಬೇರೆಯವರ ಅನುಭವದೊಂದಿಗೆ ಹೋಲಿಸಿಕೊಳ್ಳುವ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ. (ಕೆಲವು ಸೌನಾಗಳು ಫ್ಯಾರನ್‌ಹೀಟ್‌ನಲ್ಲಿ ತೋರಿಸುತ್ತವೆ. ಅಲ್ಲಿ 113 ಎಂದರೆ 45 ಡಿಗ್ರಿ ಸೆಲ್ಸಿಯಸ್, 122 ಎಂದರೆ 50, 140 ಎಂದರೆ 60.)

ಆದರೆ ಇದಕ್ಕಿಂತ ಮುಖ್ಯವಾದ, ಬಹುಮಂದಿ ಗಮನಿಸದ ಸಂಗತಿ ಇನ್ನೊಂದಿದೆ. ನೀವು 50 ಎಂದು ನಿಗದಿ ಮಾಡಿದರೆ, ಗಾಳಿ 50ಕ್ಕೆ ತಲುಪಿದ ಕೂಡಲೆ ಥರ್ಮೋಸ್ಟಾಟ್ ಫಲಕಗಳನ್ನು ಆರಿಸುತ್ತದೆ, ಗಾಳಿ ತಣಿದ ಮೇಲೆ ಮತ್ತೆ ಹೊತ್ತಿಸುತ್ತದೆ. ಫಲಕ ಆರಿದಾಗ ಏನಾಗುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ಕಾದ ಮೇಲ್ಮೈ ಸೂಸುವ ಕಿರಣಶಕ್ತಿ ಅದರ ಕೆಲ್ವಿನ್ ತಾಪಮಾನದ (ಸೆಲ್ಸಿಯಸ್ ಸಂಖ್ಯೆಗೆ 273 ಕೂಡಿಸಿದರೆ ಬರುವುದು) ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಫಲಕದ ಮೇಲ್ಮೈ 90 ಡಿಗ್ರಿ ಇದ್ದರೆ ಪ್ರತಿ ಚದರ ಮೀಟರಿನಿಂದ ಹೆಚ್ಚೆಂದರೆ ಸುಮಾರು 1,000 ವಾಟ್ ಹೊರಡುತ್ತದೆ. ಅದು 60 ಡಿಗ್ರಿಗೆ ತಣಿದರೆ ಸುಮಾರು 700 ವಾಟ್. 35 ಡಿಗ್ರಿಯ ಚರ್ಮವೂ ತನ್ನ ಕಡೆಯಿಂದ ಸುಮಾರು 500 ವಾಟ್‌ನಂತೆ ಕಿರಣ ಸೂಸುತ್ತಲೇ ಇರುತ್ತದೆ. ಎಂದರೆ ಫಲಕಕ್ಕೆ ಎದುರಾಗಿರುವ ಚರ್ಮಕ್ಕೆ ನಿಜವಾಗಿ ಉಳಿಯುವ ಗಳಿಕೆ ಮೊದಲು 500ರ ಹತ್ತಿರ ಇದ್ದದ್ದು 200ಕ್ಕೆ ಬರುತ್ತದೆ, ಅರ್ಧಕ್ಕಿಂತಲೂ ಕಡಿಮೆ. ಪರದೆಯ ಮೇಲೆ ಮಾತ್ರ ಸಂಖ್ಯೆ ಅಷ್ಟೇ ಇರುತ್ತದೆ.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, ಪೂರ್ತಿ 50 ಆಗುವವರೆಗೆ ಹೊರಗೆ ಕಾದು ಆಮೇಲೆ ಒಳಗೆ ಹೋದರೆ, ಫಲಕಗಳು ಆರುವ ಹೊತ್ತಿಗೆ ಸರಿಯಾಗಿ ನೀವು ಹೋಗಿ ಕೂತಂತಾಗುತ್ತದೆ. ಹತ್ತು ನಿಮಿಷ ಬೆವರಿಲ್ಲ ಎಂಬ ನಿಮ್ಮ ದೂರಿಗೆ ಒಂದು ಕಾರಣ ಇದೇ ಇರಬಹುದು. ಹತ್ತು ಹದಿನೈದು ನಿಮಿಷ ಕಾಯಿಸಿ, ಗಾಳಿ 40ನ್ನು ದಾಟಿದೊಡನೆ ಒಳಗೆ ಹೋಗಿ ಕೂತುಕೊಳ್ಳಿ. ಆಗ ಗಾಳಿ 50ಕ್ಕೆ ಏರುವ ಅಷ್ಟೂ ಹೊತ್ತು ಫಲಕಗಳು ಉರಿಯುತ್ತಿರುತ್ತವೆ, ಏರಿಕೆಯೂ ಮೈಗೆ ಹಿತವಾಗಿರುತ್ತದೆ. ಎರಡು, ನೀವು ನಿಗದಿ ಮಾಡುವ ಸಂಖ್ಯೆಯನ್ನು ತಲುಪಲೇಬೇಕಾದ ಗುರಿ ಎಂದು ತಿಳಿಯದೆ ದಾಟಬಾರದ ಗೆರೆ ಎಂದು ತಿಳಿಯಬೇಕು. ದೇಹ ಚೆನ್ನಾಗಿ ಬೆವರುತ್ತಿದ್ದು ಪರದೆ ಇನ್ನೂ 47 ತೋರಿಸುತ್ತಿದ್ದರೆ ಅದರಿಂದ ಏನೂ ನಷ್ಟವಿಲ್ಲ.

ಈಗ ಬೆವರಿನ ಮಾತಿಗೆ ಬರೋಣ. ಬೆವರು ಹೊರಡಬೇಕೇ ಬೇಡವೇ ಎಂಬುದನ್ನು ಮಿದುಳು ಮುಖ್ಯವಾಗಿ ಒಳಮೈಯ ತಾಪಮಾನವನ್ನು ನೋಡಿ, ಜೊತೆಗೆ ಚರ್ಮದಿಂದ ಬರುವ ಸುದ್ದಿಯನ್ನೂ ಸೇರಿಸಿಕೊಂಡು ನಿರ್ಧರಿಸುತ್ತದೆ. ಶಾಖದ ರೂಢಿಯಿಲ್ಲದವರಲ್ಲಿ ಈ ನಿರ್ಧಾರ ತಡವಾಗಿ ಬರುತ್ತದೆ. ದಿನವೂ ಅಥವಾ ದಿನ ಬಿಟ್ಟು ದಿನ ಮೈ ಬೆಚ್ಚಗಾಗುತ್ತಿದ್ದರೆ ಒಂದೆರಡು ವಾರಗಳಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಮೊದಲಿಗಿಂತ ಬೇಗ ಹೊರಡುತ್ತದೆ, ಅದರಲ್ಲಿ ಹೋಗುವ ಉಪ್ಪಿನಂಶ ಕಡಿಮೆಯಾಗುತ್ತದೆ. ಆದ್ದರಿಂದ 50 ಡಿಗ್ರಿಯಲ್ಲಿ ಹತ್ತನೆಯ ನಿಮಿಷಕ್ಕೂ ಬೆವರದಿರುವುದು ನಿಮ್ಮ ದೋಷವೂ ಅಲ್ಲ, ಸೌನಾದ ದೋಷವೂ ಅಲ್ಲ. ಹನ್ನೆರಡರಿಂದ ಹದಿನೈದು ನಿಮಿಷದೊಳಗೆ ಹಣೆ, ಎದೆ, ಬೆನ್ನುಗಳಲ್ಲಿ ಒಂದೇ ಸಮನಾಗಿ ಬೆವರು ಕಾಣಿಸಿಕೊಂಡರೆ ಸಾಕು. ಐದೇ ನಿಮಿಷಕ್ಕೆ ಬೆವರು ಇಳಿಯುವಂತೆ ಮಾಡಬೇಕೆಂಬ ಹಟ ಯಾಕೆ ಹುಟ್ಟುತ್ತದೆ ಎಂದು ನನಗೆ ಗೊತ್ತು: ಬೆವರಿನೊಂದಿಗೆ ವಿಷ ಹೊರಹೋಗುತ್ತದೆ, ಒಂದು ಸಲ ಕೂತರೆ ನೂರಾರು ಕ್ಯಾಲೊರಿ ಕರಗುತ್ತದೆ ಎಂಬ ಪ್ರಚಾರದಿಂದ. ಬೆವರು ಬಹುಪಾಲು ನೀರು, ಉಳಿದದ್ದು ಉಪ್ಪು. ದೇಹದ ಕಸ ತೆಗೆಯುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು. ಸೌನಾದಿಂದ ಬಂದ ಮೇಲೆ ತೂಕದಲ್ಲಿ ಕಾಣುವ ಇಳಿಕೆ ಎರಡು ಲೋಟ ನೀರು ಕುಡಿದರೆ ಮರಳುತ್ತದೆ.

ಸಂಶೋಧನೆಗಳಲ್ಲಿ ಬಳಸಿದ ತಾಪಮಾನಗಳು ಎಷ್ಟೆಂದು ನೀವು ಕೇಳಬಹುದು. ಈ ಕ್ಷೇತ್ರದಲ್ಲಿ ಹೆಚ್ಚು ಹೆಸರಾದದ್ದು 1990ರ ದಶಕದಿಂದೀಚೆಗೆ ಜಪಾನಿನ ಹೃದ್ರೋಗ ತಜ್ಞ ಚುವಾ ತೇಯಿ ಮತ್ತು ಸಂಗಡಿಗರು ರೂಪಿಸಿದ ವಾವೊನ್ ಚಿಕಿತ್ಸೆ. ಅದರಲ್ಲಿ ರೋಗಿಯನ್ನು 60 ಡಿಗ್ರಿಯ ದೂರ ಅವಕೆಂಪು ಕೋಣೆಯಲ್ಲಿ 15 ನಿಮಿಷ ಕೂರಿಸಿ, ಆಮೇಲೆ ಹೊರಗೆ ಕಂಬಳಿ ಹೊದಿಸಿ 30 ನಿಮಿಷ ಮಲಗಿಸುತ್ತಾರೆ, ಬೆವರಿನಲ್ಲಿ ಹೋದಷ್ಟು ನೀರನ್ನು ಕುಡಿಸುತ್ತಾರೆ. ಇದರಿಂದ ಒಳಮೈಯ ತಾಪಮಾನ ಸುಮಾರು 1 ಡಿಗ್ರಿ ಏರುತ್ತದೆ. ಈ 60 ಎಂಬ ಸಂಖ್ಯೆಯನ್ನು ಎತ್ತಿಕೊಂಡು ಮನೆಯಲ್ಲಿ 40 ನಿಮಿಷ ಕೂರುವವರು ಉಳಿದ ಮಾತುಗಳನ್ನು, ಅಂದರೆ 15 ನಿಮಿಷ, ಮಲಗಿ ವಿಶ್ರಾಂತಿ, ಪಕ್ಕದಲ್ಲಿ ವೈದ್ಯಕೀಯ ಸಿಬ್ಬಂದಿ ಎಂಬುದನ್ನು ಮರೆತಿರುತ್ತಾರೆ. ಇನ್ನೊಂದು ಕಡೆ, ವ್ಯಾಯಾಮದ ನಂತರದ ಚೇತರಿಕೆಯನ್ನು ಪರೀಕ್ಷಿಸಿ ಫಿನ್‌ಲೆಂಡಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ ಬಳಸಿದ್ದು 35ರಿಂದ 50 ಡಿಗ್ರಿ, 30 ನಿಮಿಷ. ಅದೇ ವರ್ಷ ಪ್ರಕಟವಾಗಿ ಬಹಳ ಸದ್ದು ಮಾಡಿದ, 2,315 ಗಂಡಸರನ್ನು ಸುಮಾರು 20 ವರ್ಷ ಹಿಂಬಾಲಿಸಿದ ಫಿನ್ನಿಷ್ ಅಧ್ಯಯನ ಸಾಂಪ್ರದಾಯಿಕ ಬಿಸಿ ಸೌನಾಕ್ಕೆ ಸಂಬಂಧಿಸಿದ್ದು. ವಾರಕ್ಕೆ ನಾಲ್ಕರಿಂದ ಏಳು ಸಲ ಸೌನಾ ಮಾಡುವವರಲ್ಲಿ ಹೃದಯದ ಸಾವುಗಳು ಕಡಿಮೆ ಎಂಬ ಅದರ ಫಲಿತಾಂಶವನ್ನು ಇನ್‌ಫ್ರಾರೆಡ್ ಫಲಕಗಳ ಹೆಸರಿಗೆ ಬರೆದುಕೊಳ್ಳುವುದು ನ್ಯಾಯವಲ್ಲ.

ಹಾಗಾದರೆ ನಿಮ್ಮ ಸಂಖ್ಯೆಯನ್ನು ಕಂಡುಕೊಳ್ಳುವುದು ಹೇಗೆ? ಮೊದಲ ಮೂರು ನಾಲ್ಕು ಸಲ 45 ಡಿಗ್ರಿ, 15 ನಿಮಿಷ. ಆಗ ಬೆವರು ಬರದಿದ್ದರೂ ಚಿಂತೆಯಿಲ್ಲ. ನಂತರ ತಾಪಮಾನವನ್ನು ಹಾಗೆಯೇ ಬಿಟ್ಟು ಸಮಯವನ್ನು 20 ನಿಮಿಷಕ್ಕೆ, ಮುಂದೆ 25ಕ್ಕೆ ಏರಿಸಿ. 25 ನಿಮಿಷ ಹಾಯಾಗಿ ಕೂರಲು ಆಗುತ್ತಿದೆ, ಆದರೂ ಬೆವರು ತೀರ ಕಡಿಮೆ ಎನಿಸಿದರೆ ಮಾತ್ರ ತಾಪಮಾನವನ್ನು 2 ಡಿಗ್ರಿ ಏರಿಸಿ, ಏರಿಸಿದ ದಿನ ಸಮಯವನ್ನು ಮತ್ತೆ 15 ನಿಮಿಷಕ್ಕೆ ಇಳಿಸಿ. ಒಂದೇ ದಿನ ಎರಡನ್ನೂ ಹೆಚ್ಚಿಸಬೇಡಿ. ತೊಂದರೆಯಾದರೆ ಯಾವುದರಿಂದ ಆಯಿತು ಎಂದು ತಿಳಿಯುವುದಿಲ್ಲ. ಹೀಗೆ ಏರುತ್ತ ಹೋದಾಗ ಒಂದು ಹಂತದಲ್ಲಿ ಹದಿನೈದು ನಿಮಿಷದೊಳಗೆ ಸಮನಾಗಿ ಬೆವರು ಬರುತ್ತದೆ, ಉಸಿರು ಏರದೆ ಪಕ್ಕದವರೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಆಗುತ್ತದೆ, ಹೊರಬಂದ ಮೇಲೆ ಹತ್ತು ನಿಮಿಷದಲ್ಲಿ ನಾಡಿ ಮೊದಲಿನ ಲಯಕ್ಕೆ ಹತ್ತಿರ ಬರುತ್ತದೆ. ಈ ಮೂರೂ ಕೂಡಿಬರುವ ಅತಿ ಕಡಿಮೆ ತಾಪಮಾನವೇ ನಿಮ್ಮದು. ಅಲ್ಲಿಂದ ಮುಂದಕ್ಕೆ ಏರಿಸುವುದರಿಂದ ಲಾಭ ಹೆಚ್ಚುತ್ತದೆ ಎಂಬುದಕ್ಕೆ ಆಧಾರ ಸಿಗುವುದಿಲ್ಲ, ಅಪಾಯ ಹೆಚ್ಚುವುದಂತೂ ಖಚಿತ. ಹೆಚ್ಚಿನ ಆರೋಗ್ಯವಂತರು 48ರಿಂದ 55ರೊಳಗೆ ನಿಲ್ಲುತ್ತಾರೆ. ವರ್ಷಗಳ ರೂಢಿಯಿರುವವರು 60ಕ್ಕೆ ಹೋಗುವುದುಂಟು, ಆಗ 15ರಿಂದ 20 ನಿಮಿಷಕ್ಕೆ ಎದ್ದುಬಿಡಬೇಕು.

ದಿನದ ಉದ್ದೇಶ ನೋಡಿ ಎರಡು ಮೂರು ಡಿಗ್ರಿ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ನಿದ್ದೆಗೆ ನೆರವಾಗಲೆಂದು ರಾತ್ರಿ ಕೂರುವುದಾದರೆ ಕಡಿಮೆ ಬಿಸಿಯೇ ಒಳ್ಳೆಯದು, ಅದೂ ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಮುಗಿಯಬೇಕು. ಏಕೆಂದರೆ ನಿದ್ದೆ ಬರುವುದು ಮೈ ತಣಿಯುತ್ತ ಇಳಿಯುವ ಹೊತ್ತಿಗೆ. ಕಠಿಣ ವ್ಯಾಯಾಮ ಮುಗಿಸಿದ ಕೂಡಲೆ ಹೋಗುವುದಾದರೆ ನಿಮ್ಮ ಮಾಮೂಲು ಸಂಖ್ಯೆಗಿಂತ 5 ಡಿಗ್ರಿ ಕಡಿಮೆ ಇಟ್ಟುಕೊಳ್ಳಿ. ಮೈ ಆಗಲೇ ಬಿಸಿಯಾಗಿರುತ್ತದೆ, ನೀರು ಕಳೆದುಕೊಂಡಿರುತ್ತದೆ. ಮದ್ಯ ಕುಡಿದ ದಿನ ಮತ್ತು ಜ್ವರವಿರುವ ದಿನ ಯಾವ ಡಿಗ್ರಿಯೂ ಸರಿಯಲ್ಲ.

ನಿಮ್ಮ ಮಾತ್ರೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಸಾಲೇ. ತಂಪಾದ ವಾತಾವರಣದಲ್ಲಿ ಚರ್ಮಕ್ಕೆ ಹರಿಯುವ ರಕ್ತ ನಿಮಿಷಕ್ಕೆ ಅರ್ಧ ಲೀಟರ್‌ಗೂ ಕಡಿಮೆ. ತೀವ್ರ ಶಾಖದಲ್ಲಿ ಅದು 6ರಿಂದ 8 ಲೀಟರ್‌ವರೆಗೆ ಹೋಗಬಲ್ಲದು. ಇಷ್ಟು ರಕ್ತ ಚರ್ಮದ ಹಿಗ್ಗಿದ ನಾಳಗಳಲ್ಲಿ ಹರಡಿಕೊಂಡಿರುವಾಗ ನೀವು ಥಟ್ಟನೆ ಎದ್ದರೆ ಅದು ಕಾಲಿನ ಕಡೆಗೆ ಇಳಿದು, ಮಿದುಳಿಗೆ ಕೆಲವು ಕ್ಷಣ ಸಾಲದಾಗುತ್ತದೆ. ಕಣ್ಣು ಕತ್ತಲೆ ಬರುವುದು ಆಗಲೇ. ರಕ್ತನಾಳಗಳನ್ನು ಹಿಗ್ಗಿಸುವ ಮಾತ್ರೆಗಳು ಇದನ್ನು ಹೆಚ್ಚು ಮಾಡುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆಯಾಗಿದ್ದರೆ ಆಗಲೇ ಕಡಿಮೆಯಿರುವ ನೀರು ಮತ್ತು ಉಪ್ಪು ಬೆವರಿನಲ್ಲಿ ಮತ್ತಷ್ಟು ಕಡಿಮೆಯಾಗುತ್ತವೆ. ಬೀಟಾ ಬ್ಲಾಕರ್ ಆಗಿದ್ದರೆ ನಾಡಿ ಏರುವುದನ್ನೇ ಅದು ತಡೆಹಿಡಿಯುವುದರಿಂದ, ಮೇಲೆ ನಾನು ಹೇಳಿದ ನಾಡಿಯ ಗುರುತು ನಿಮಗೆ ನಂಬಿಕೆಗೆ ಅರ್ಹವಾಗಿ ಉಳಿಯುವುದಿಲ್ಲ. ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ. ಆ ಚೀಟಿಯನ್ನು ಹಿಡಿದುಕೊಂಡು ಹೋಗಿ ನಿಮ್ಮ ವೈದ್ಯರಿಗೆ 60 ಡಿಗ್ರಿಯಲ್ಲಿ ಆದ ಅನುಭವವನ್ನು ಹಾಗೆಯೇ ಹೇಳಿ. ಅವರೊಡನೆ ಮಾತನಾಡುವವರೆಗೆ ಸೌನಾ ಬಿಡಿ, ಮಾತ್ರೆ ಬಿಡಬೇಡಿ. ಅವರು ಒಪ್ಪಿದ ಮೇಲೆ ನಿಮ್ಮ ಮೇಲಿನ ಗೆರೆ 54 ಎಂದೇ ಇಟ್ಟುಕೊಳ್ಳಿ. ಟೈಮರ್ ಮುಗಿದಾಗ ಬಾಗಿಲು ತೆರೆದು ಎರಡು ನಿಮಿಷ ಕೂತೇ ಇರಿ, ಮೀನಖಂಡಗಳನ್ನು ಬಿಗಿದು ಸಡಿಲಿಸಿ, ಆಮೇಲೆ ಏನನ್ನಾದರೂ ಹಿಡಿದುಕೊಂಡು ಏಳಿ. ಮನೆಯಲ್ಲಿ ಇನ್ನೊಬ್ಬರು ಇರುವಾಗಲಷ್ಟೇ ಕೂರುವುದು ಒಳ್ಳೆಯದು. ಎದೆಯಲ್ಲಿ ಒತ್ತಿದಂತಾಗುವುದು, ಎದೆಬಡಿತ ತಪ್ಪುವುದು, ತಲೆನೋವು, ವಾಕರಿಕೆ, ಇದ್ದಕ್ಕಿದ್ದಂತೆ ಬೆವರು ನಿಂತು ಚಳಿಯೆನಿಸುವುದು, ಇವುಗಳಲ್ಲಿ ಯಾವುದು ಕಂಡರೂ ಟೈಮರ್ ನೋಡುತ್ತ ಕೂರಬೇಡಿ.

ನಿಮ್ಮ ಸೌನಾವನ್ನು ಮನೆಯ ಬೇರೆಯವರೂ ಬಳಸಬಹುದಾದ್ದರಿಂದ ಒಂದೆರಡು ಮಾತು. ಗರ್ಭಿಣಿಯರು, ಅದರಲ್ಲೂ ಮೊದಲ ತಿಂಗಳುಗಳಲ್ಲಿ, ಒಳಮೈಯ ತಾಪಮಾನವನ್ನು 39 ಡಿಗ್ರಿಯ ಹತ್ತಿರಕ್ಕೆ ಒಯ್ಯುವ ಯಾವುದರಿಂದಲೂ ದೂರವಿರಬೇಕು. ಮಲ್ಟಿಪಲ್ ಸ್ಕ್ಲೀರೋಸಿಸ್ ಎಂಬ ನರಮಂಡಲದ ಕಾಯಿಲೆ ಇರುವವರಲ್ಲಿ ಅರ್ಧ ಡಿಗ್ರಿಯ ಏರಿಕೆಯಿಂದಲೂ ದೃಷ್ಟಿ ಮಂಕಾಗುವುದು, ಕೈಕಾಲು ಸೋಲುವುದು ಉಂಟು. ಮಧುಮೇಹದಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರಿಗೆ ಉರಿ ತಿಳಿಯುವುದೇ ಇಲ್ಲ, ಆದ್ದರಿಂದ ಕಾಲಿನ ಬಳಿಯ ಫಲಕವನ್ನು ಆರಿಸಿಕೊಳ್ಳಬೇಕು. ನೋವಿಗೋ ಹೃದಯಕ್ಕೋ ಔಷಧದ ಪಟ್ಟಿಯನ್ನು ಚರ್ಮಕ್ಕೆ ಅಂಟಿಸಿಕೊಂಡವರು ಅದರೊಂದಿಗೆ ಒಳಗೆ ಹೋಗಕೂಡದು. ಬಿಸಿಗೆ ಔಷಧ ಅಳತೆ ಮೀರಿ ರಕ್ತಕ್ಕೆ ಸೇರುತ್ತದೆ. ಮಗುವಿಗಾಗಿ ಪ್ರಯತ್ನಿಸುತ್ತಿರುವ ಗಂಡಸರು ಕೆಲವು ತಿಂಗಳು ಬಿಡುವುದು ಲೇಸು: ವೀರ್ಯಾಣುಗಳು ರೂಪುಗೊಳ್ಳಲು ಎರಡೂವರೆ ತಿಂಗಳಷ್ಟು ಕಾಲ ಬೇಕು, ವೃಷಣಗಳು ಒಳಮೈಗಿಂತ 2ರಿಂದ 4 ಡಿಗ್ರಿ ತಂಪಾಗಿರಬೇಕು.

ಕೊನೆಗೆ ನೀರಿನ ಲೆಕ್ಕ. ಒಳಗೆ ಹೋಗುವ ಮೊದಲು ಮತ್ತು ಮೈ ಒರೆಸಿಕೊಂಡು ಬಂದ ಮೇಲೆ ಬಟ್ಟೆಯಿಲ್ಲದೆ ತೂಕ ನೋಡಿಕೊಳ್ಳಿ. ಕಡಿಮೆಯಾದ ಪ್ರತಿ 100 ಗ್ರಾಮಿಗೆ 100 ಮಿಲಿಲೀಟರ್ ನೀರು ಹೋಗಿದೆ ಎಂದು ಲೆಕ್ಕ, ಅಷ್ಟನ್ನು ಮುಂದಿನ ಒಂದು ಗಂಟೆಯಲ್ಲಿ ಗುಟುಕು ಗುಟುಕಾಗಿ ಕುಡಿಯಿರಿ. ನೀರಿನ ಪ್ರಮಾಣಕ್ಕೆ ವೈದ್ಯರು ಮಿತಿ ಹಾಕಿದ್ದರೆ ಅವರ ಮಾತೇ ಅಂತಿಮ. 70 ಕಿಲೊ ತೂಕದವರು ಒಂದು ಸಲಕ್ಕೆ 700 ಗ್ರಾಮಿಗಿಂತ ಹೆಚ್ಚು ಕಳೆದುಕೊಂಡರೆ, ಅಂದರೆ ಮೈತೂಕದ ನೂರಕ್ಕೆ ಒಂದು ಪಾಲನ್ನು ದಾಟಿದರೆ, ಅಂದಿನ ಸೆಶನ್ ಅಳತೆ ಮೀರಿತೆಂದು ಅರ್ಥ. ಮುಂದಿನ ಸಲ ಡಿಗ್ರಿಗೆ ಕೈ ಹಚ್ಚುವ ಮೊದಲು ಸಮಯವನ್ನು ಐದು ನಿಮಿಷ ಕಡಿಮೆ ಮಾಡಿ ನೋಡಿ.